ಮಾವನ ಯಾಶಿಕಾ ಸಿಕ್ಕಿದೆ, ಒಳಗೆ ರೋಲ್ ಇದ್ದಂತಿದೆ. ಮುಂದೇನು?

ಕೇಳಿದವರು: ಗದಗ-ಬೆಟಗೇರಿ

ನಮ್ಮ ಸೋದರಮಾವನ ಅಲ್ಮೇರಾ ಖಾಲಿ ಮಾಡುವಾಗ ಯಾಶಿಕಾ ಮ್ಯಾಟ್ 124ಜಿ ಸಿಕ್ಕಿತು. ಮೇಲೊಂದು ಕೆಳಗೊಂದು ಲೆನ್ಸ್ ಇರುತ್ತದಲ್ಲ, ಸೊಂಟದ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವುದು, ಅದು. ಚರ್ಮದ ಕೇಸಿನಲ್ಲೇ ಇತ್ತು. ಪಕ್ಕದ ಕಿಂಡಿಯಲ್ಲಿ 7 ಅಂತ ಕಾಣುತ್ತದೆ. ಹ್ಯಾಂಡಲ್ ಇನ್ನೂ ಮುಟ್ಟಿಲ್ಲ. ಬೆಳಕು ಅಳೆಯುವ ಮೀಟರಿನ ಮುಳ್ಳು ಅಲುಗಾಡುವುದಿಲ್ಲ. ನನಗೆ ಡಿಜಿಟಲ್ ಗೊತ್ತು, ಫಿಲ್ಮ್ ಗೊತ್ತಿಲ್ಲ. ಲಕ್ಕುಂಡಿ, ಸವಣೂರು ಕಡೆ ಒಯ್ದು ಬಳಸುವ ಆಸೆ ಇದೆ. ಈ ಕಡೆ ಇಂಥ ಕ್ಯಾಮೆರಾ ಬಳಸುವವರು ಯಾರಾದರೂ ಇದ್ದೀರಾ? ರೋಲ್ ತರಿಸುವುದು, ತೊಳೆಯುವುದು (ಡೆವಲಪ್ ಮಾಡುವುದು) ಹೇಗೆ? ಇದಕ್ಕೆ ದುಡ್ಡು ಹಾಕಿದರೆ ದಂಡ ಆಗುತ್ತಾ?

ಹುಬ್ಬಳ್ಳಿಯಿಂದ, ಸ್ಟುಡಿಯೋದಲ್ಲಿ ದುಡಿದವರು

ತಂಗೀ, ಹಿಂದಿನ ಬಾಗಿಲು ಮಾತ್ರ ತೆಗೆಯಬೇಡ. ಬಾಗಿಲು ತೆಗೆದರೆ ಆ ನಂಬರು ಮೊದಲಿಗೆ ಹೋಗಿಬಿಡುತ್ತದೆ. 7ಕ್ಕೆ ನಿಂತಿದೆ ಅಂದರೆ ಮಾವನವರು ತೆಗೆದ ಫೋಟೋಗಳು ಬಹುಶಃ ಒಳಗೇ ಇವೆ. ಈ ಕ್ಯಾಮೆರಾಕ್ಕೆ ಹಾಕುವುದು 120 ಅನ್ನುವ ಅಗಲದ ರೋಲ್, ಒಂದು ರೋಲಿಗೆ 12 ಫೋಟೋ. ಲೆನ್ಸಿಗೆ ಮುಚ್ಚಳ ಹಾಕು. ಬಟನ್ ಒತ್ತು, ಹ್ಯಾಂಡಲ್ ತಿರುಗಿಸು, ಮತ್ತೆ ಒತ್ತು. ಹೀಗೆ 12 ದಾಟಿಸು. ಆಮೇಲೆ ಹ್ಯಾಂಡಲ್ ಎಲ್ಲೂ ತಡೆಯದೆ ತಿರುಗುತ್ತದೆ. ಇನ್ನೂ ಒಂದಿಷ್ಟು ಸುತ್ತು ಕೊಟ್ಟು, ಕೋಣೆಯೊಳಗೆ ನೆರಳಿನಲ್ಲಿ ಬಾಗಿಲು ತೆಗೆ. ಮಧ್ಯೆ ಎಲ್ಲಾದರೂ ಬಿಗಿ ಅನ್ನಿಸಿದರೆ ಜೋರು ಮಾಡಬೇಡ, ನಿಲ್ಲಿಸಿಬಿಡು. ಅದನ್ನು ಕತ್ತಲೆಕೋಣೆಯಲ್ಲಿ ಬಿಚ್ಚಬೇಕು.

35 ಎಂಎಂ ರೀಲಿಗೆ ಡಬ್ಬಿ ಇರುತ್ತದೆ, ಇದಕ್ಕಿಲ್ಲ. ಫಿಲ್ಮಿಗೂ ಬೆಳಕಿಗೂ ನಡುವೆ ಒಂದು ಕಾಗದ ಅಷ್ಟೇ. ಸುರುಳಿ ಸಡಿಲಾದರೆ ಅಂಚಿನಿಂದ ಬೆಳಕು ಒಳಗೆ ಹೋಗುತ್ತದೆ. ತುದಿಯ ಗೋಂದಿನ ಪಟ್ಟಿಗೆ ನಾಲಿಗೆ ತಾಗಿಸಿ ಅಂಟಿಸುವುದು ವಾಡಿಕೆ. ಇಷ್ಟು ಹಳೇದು ಹಿಡಿಯುವುದಿಲ್ಲ, ರಬ್ಬರ್ ಬ್ಯಾಂಡ್ ಹಾಕು. ಕಾಗದದ ಮೇಲಿನ ಹೆಸರು ಓದಿ ಇಲ್ಲಿ ಬರೆ. ‘ಇಂದು’ ಅಂತ ಇದ್ದರೆ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನವರದು. ಕಲರ್ ರೋಲ್ ಆಗಿದ್ದರೂ ಕಪ್ಪುಬಿಳುಪಿನ ಡೆವಲಪರಿನಲ್ಲೇ ತೊಳೆಯಲು ಹೇಳು. ಬಣ್ಣ ಹೋಗುತ್ತದೆ, ಮುಖ ಉಳಿಯುವ ಸಾಧ್ಯತೆ ಇರುತ್ತದೆ.

ರೋಲ್ ಹೊರಗೆ ಬಂದ ಮೇಲೆ ಶಟರ್ ನೋಡು. ಬಾಗಿಲು ತೆರೆದಿಟ್ಟು, ಕಿಟಕಿಯ ಕಡೆ ಹಿಡಿದು, 1 ಸೆಕೆಂಡಿನಿಂದ 1/500ರ ತನಕ ಒಂದೊಂದೇ ಒತ್ತು. ಜೋರಿನ ಸ್ಪೀಡುಗಳು ಸಾಮಾನ್ಯವಾಗಿ ಚೆನ್ನಾಗಿರುತ್ತವೆ. 1 ಸೆಕೆಂಡು, ಅರ್ಧ ಸೆಕೆಂಡಿನವು ಗಿರ್ ಅಂತ ಹೋಗಿ ಮಧ್ಯದಲ್ಲೇ ನಿಲ್ಲುತ್ತವೆ. ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ. ಆಗ ಯಾರೋ ಒಬ್ಬರು ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಬಿಡು ಅನ್ನುತ್ತಾರೆ. ಬೇಡವೇ ಬೇಡ. ಆ ಎಣ್ಣೆ ಶಟರಿನ ರೆಕ್ಕೆಗಳಿಗೆ ಇಳಿದು ಅವೂ ಅಂಟಿಕೊಳ್ಳುತ್ತವೆ. ಸರ್ವಿಸ್ ಆಗುವ ತನಕ 1/30ರ ಮೇಲಿನ ಸ್ಪೀಡಿನಲ್ಲೇ ತೆಗೆ. ಸೆಲ್ಫ್ ಟೈಮರಿನ ಕಡ್ಡಿಯನ್ನೂ ಮುಟ್ಟಬೇಡ. ಹಳೇ ಶಟರುಗಳು ಅಲ್ಲೇ ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ. ಮೇಲಿನ ಗಾಜು ಮಬ್ಬಾಗಿದೆ ಅಂತ ಒಳಗಿನ ಕನ್ನಡಿಯನ್ನು ಬಟ್ಟೆಯಿಂದ ಉಜ್ಜಿದರೆ ಬೆಳ್ಳಿಯ ಲೇಪವೇ ಕಿತ್ತು ಬರುತ್ತದೆ. ಮನೆಯ ಕನ್ನಡಿಗೆ ಲೇಪ ಹಿಂದೆ ಇರುತ್ತದೆ, ಇದಕ್ಕೆ ಮುಂದೆಯೇ ಇದೆ. ರಬ್ಬರ್ ಬಲ್ಬಿನಿಂದ ಗಾಳಿ ಊದಿದರೆ ಸಾಕು.

ಮೀಟರಿನ ಚಿಂತೆ ಬಿಡು. ಅದಕ್ಕೆ ಬೇಕಾದ 1.35 ವೋಲ್ಟಿನ ಪಾದರಸದ ಸೆಲ್ ಈಗ ತಯಾರಾಗುವುದಿಲ್ಲ. ಕಿವಿ ಮಷೀನಿನ 675 ಸೆಲ್ ಹಾಕಿ ಕೆಲವರು ಓಡಿಸುತ್ತಾರೆ. ನನ್ನ ಮಟ್ಟಿಗೆ ಅದು ಬೇಡದ ಉಪದ್ವ್ಯಾಪ. ಶಟರಿಗೆ ಸೆಲ್ ಬೇಕಾಗಿಲ್ಲ, ಬೆಳಕು ಅಳೆಯಲು ಮೊಬೈಲಿನಲ್ಲಿ ಆ್ಯಪ್ ಸಿಗುತ್ತದೆ.

ಇನ್ನೊಂದು. ಬಾಗಿಲಿನ ಒಳಗೆ ಫಿಲ್ಮನ್ನು ಒತ್ತಿ ಹಿಡಿಯುವ ತಗಡು ಇದೆಯಲ್ಲ, ಅದನ್ನು ಸರಿಸಬಹುದು. 12 ಮತ್ತು 24 ಅಂತ ಎರಡು ಜಾಗ. 120 ರೋಲಿಗೆ 12ರಲ್ಲೇ ಇರಲಿ.

ಧಾರವಾಡ, ಸಾಧನಕೇರಿ ಹತ್ತಿರದಿಂದ

ಕ್ಯಾಮೆರಾವನ್ನು ಆ ಚರ್ಮದ ಕೇಸಿನಿಂದ ಇವತ್ತೇ ಹೊರಗೆ ತೆಗೆಯಿರಿ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಬೂಸ್ಟು ಅಲ್ಲಿಂದ ಲೆನ್ಸಿಗೆ ಹತ್ತುತ್ತದೆ. ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ಅಂಚಿನಲ್ಲಿ ಸ್ವಲ್ಪ ಇದ್ದರೆ ಫೋಟೋದಲ್ಲಿ ಗೊತ್ತೂ ಆಗುವುದಿಲ್ಲ. ಮಧ್ಯದಲ್ಲಿ ದಟ್ಟವಾಗಿದ್ದರೆ ತೋರಿಸಬೇಕು. ನಿಮ್ಮ ಗದಗಿನ ಒಣಹವೆಯಲ್ಲಿ ಇದು ಕಡಿಮೆ. ನಮ್ಮಲ್ಲಿ ಜೂನ್‌ನಿಂದ ಜಡಿಮಳೆ ಹಿಡಿದರೆ ಬೆಲ್ಟು, ಚಪ್ಪಲಿಗೂ ಬೂಸ್ಟು ಬರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್. ಅಷ್ಟು ಸಾಕು.

ಬ್ಯಾಡಗಿ ಕಡೆಯಿಂದ

ಅಕ್ಕಾರ, ನನ್ನ ಹತ್ತಿರ ಇರುವುದು ಚೀನಾದ ಸೀಗಲ್. ನಿಮ್ಮ ಯಾಶಿಕಾದ ಹಾಗೆಯೇ ಎರಡು ಲೆನ್ಸ್, ಚೌಕ ಫೋಟೋ. ಹಂಗಾಮಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿಗೆ ಇದನ್ನೇ ಒಯ್ಯುತ್ತೇನೆ. ಕೆಂಪು ರಾಶಿ ಕಂಡ ಕೂಡಲೇ ಎಲ್ಲರೂ ಕಲರ್ ಅನ್ನುತ್ತಾರೆ. ನಾನು ಕಪ್ಪುಬಿಳುಪೇ ಹಾಕುತ್ತೇನೆ, ಮಜಾ ಇರುವುದು ಫಿಲ್ಟರಿನಲ್ಲಿ. ಕೆಂಪು ಫಿಲ್ಟರ್ ಹಾಕಿದರೆ ಮೆಣಸಿನಕಾಯಿ ಬೆಳ್ಳಗಾಗುತ್ತದೆ, ನೋಡಿದವರು ಹತ್ತಿ ರಾಶಿ ಅಂದುಕೊಳ್ಳಬೇಕು. ಹಸಿರು ಹಾಕಿದರೆ ಅದೇ ರಾಶಿ ಕಪ್ಪಾಗಿ, ಸುಕ್ಕಿನ ಮೇಲಿನ ಹೊಳಪು ಮಾತ್ರ ಎದ್ದು ಬರುತ್ತದೆ. ನಮ್ಮ ಬ್ಯಾಡಗಿ ಕಾಯಿಯ ಗುರುತೇ ಸುಕ್ಕು, ಅದಕ್ಕೇ ನನಗೆ ಹಸಿರು ಇಷ್ಟ. ಕೆಂಪು ಫಿಲ್ಟರಿಗೆ ಮೂರು ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು, ಹಳದಿಗೆ ಒಂದು (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಫಿಲ್ಟರ್ ಕೆಳಗಿನ ಲೆನ್ಸಿಗೆ ಹಾಕುವುದು. ನಾವು ನೋಡುವುದು ಮೇಲಿನದರಲ್ಲಿ, ಹಾಗಾಗಿ ಫಿಲ್ಟರ್ ಇದೆಯೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ. ಯಾಶಿಕಾಕ್ಕೆ ‘ಬೇ 1’ ಅನ್ನುವ ಅಳತೆಯದು ಕೇಳಿ, ತಿರುಪಿನದು ಕೂರುವುದಿಲ್ಲ.

ಈ ಕ್ಯಾಮೆರಾದ ಒಂದು ಗುಣ ಹೇಳಲೇಬೇಕು. ಮುಖಕ್ಕೆ ಕ್ಯಾಮೆರಾ ಹಿಡಿದರೆ ಹಮಾಲರು ಬಿಗಿಯಾಗುತ್ತಾರೆ, ಇಲ್ಲ ಬೆನ್ನು ತಿರುಗಿಸುತ್ತಾರೆ. ಇದರಲ್ಲಿ ನಾವೇ ತಲೆ ಬಗ್ಗಿಸಿ ನಿಂತಿರುತ್ತೇವೆ, ಅವರಿಗೆ ಏನೂ ಅನ್ನಿಸುವುದಿಲ್ಲ. ಒಬ್ಬರು ಬಂದು ‘ಏನ್ರೀ ಇದು, ರೇಡಿಯೋ ಏನು?’ ಅಂದರು. ಮೇಲಿನ ಗಾಜು ತೋರಿಸಿದೆ. ಅವರ ಜೊತೆಗಾರ ಚೀಲ ಹೊತ್ತು ಬಲಕ್ಕೆ ಹೊರಟಿದ್ದ, ಗಾಜಿನಲ್ಲಿ ಎಡಕ್ಕೆ ಹೋಗುತ್ತಿದ್ದ. ‘ಲೇ, ನೀ ಹಿಂದಕ್ಕ ಹೊಂಟೀಯಲ್ಲೋ’ ಅಂತ ಅವರು ಕೂಗಿದ್ದೇ ಕೂಗಿದ್ದು. ಎಡಬಲ ಅದಲುಬದಲು ಆಗುವುದಕ್ಕೆ ನಿಮಗೂ ಮೊದಲು ತಲೆ ತಿರುಗುತ್ತದೆ. ರೋಲ್ ಹಾಕದೆ, ಮನೆಯಲ್ಲೇ ಓಡಾಡುವ ಮಕ್ಕಳನ್ನು ಗಾಜಿನಲ್ಲಿ ಹಿಡಿದು ಅಭ್ಯಾಸ ಮಾಡಿ.

ಘಾಟಿನ ಧೂಳಿನಲ್ಲಿ ರೋಲ್ ಬದಲಿಸಬೇಡಿ. ಒಂದು ಕಣ ಫಿಲ್ಮಿನ ದಾರಿಯಲ್ಲಿ ಕೂತರೆ ಹನ್ನೆರಡೂ ಫೋಟೋದ ಮೇಲೆ ಉದ್ದಕ್ಕೆ ಗೀರು. ಹೊರಗೆ ಬಂದು, ಬೇವಿನ ನೆರಳು ಸಿಕ್ಕರೆ ಅಲ್ಲಿ, ಇಲ್ಲದಿದ್ದರೆ ಬಿಸಿಲಿಗೆ ಬೆನ್ನು ಹಾಕಿ ನಿಮ್ಮದೇ ನೆರಳಿನಲ್ಲಿ ಹಾಕಿ. ಮೆಣಸಿನಕಾಯಿ ಮುಟ್ಟಿದ ಕೈಯಿಂದ ಫೋಕಸಿನ ಭೂತಗಾಜು ಮುಟ್ಟಿ, ಅದಕ್ಕೆ ಕಣ್ಣು ಹಚ್ಚಿದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾ?

ಹುಬ್ಬಳ್ಳಿ, ವಿದ್ಯಾನಗರದಿಂದ

ಕ್ಯಾಮೆರಾ ಯಾವುದಾದರೂ ನಡೆಯುತ್ತದೆ. ನಮ್ಮ ಕಡೆ ತೊಂದರೆ ಕೊಡುವುದು ಬಿಸಿಲು ಮತ್ತು ನೀರು. ನಾನು ಕಪ್ಪುಬಿಳುಪು ಮನೆಯಲ್ಲೇ ತೊಳೆಯುತ್ತೇನೆ, ನೀವೂ ಕಲಿಯಿರಿ. ಕಲರ್ ರೋಲನ್ನು ದೊಡ್ಡ ಊರಿನ ಲ್ಯಾಬಿಗೆ ಕೊರಿಯರ್ ಮಾಡಿ.

ಡೆವಲಪರ್ ಚಾರ್ಟುಗಳೆಲ್ಲ 20 ಡಿಗ್ರಿ ನೀರಿನ ಲೆಕ್ಕದವು. ಮೇ ತಿಂಗಳಲ್ಲಿ ನಮ್ಮ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಮಧ್ಯಾಹ್ನ ಸ್ನಾನಕ್ಕೆ ಕಾಯಿಸಿದ ಹಾಗಿರುತ್ತದೆ. ಎಚ್‌ಪಿ5 ಅನ್ನುವ ಕಪ್ಪುಬಿಳುಪು ರೋಲಿಗೆ ಡಿ-76 ಅನ್ನುವ ಡೆವಲಪರನ್ನು ನೀರು ಬೆರೆಸದೆ ನೇರವಾಗಿ ಬಳಸಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. 24ಕ್ಕೆ ಏರಿದರೆ ಐದೂವರೆ ನಿಮಿಷದ ಆಸುಪಾಸು. ಅದಕ್ಕಿಂತ ಬಿಸಿಯಾದರೆ ಹೊತ್ತು ಐದು ನಿಮಿಷಕ್ಕಿಂತ ಕೆಳಗೆ ಹೋಗಿ, ಆಕಾಶದಲ್ಲಿ ಕಲೆ ಕಲೆ ಬರುತ್ತದೆ. ಅದಕ್ಕೆ ಡೆವಲಪರಿಗೆ ಸಮ ನೀರು ಬೆರೆಸಿ. ಆಗ 20ರಲ್ಲಿ 11 ನಿಮಿಷ, 24ರಲ್ಲಿ ಸುಮಾರು 8. ಕೈಯಲ್ಲಿ ಹೊತ್ತು ಉಳಿಯುತ್ತದೆ. ಬಕೆಟ್ಟಿನಲ್ಲಿ ನೀರು, ಐಸ್ ಹಾಕಿ ಬಾಟಲಿಗಳನ್ನೆಲ್ಲ ಒಟ್ಟಿಗೆ ಇಟ್ಟುಬಿಡಿ. ಡೆವಲಪರ್, ಹೈಪೋ (ಮೂಡಿದ ಚಿತ್ರವನ್ನು ಕಾಯಂ ಮಾಡುವ ದ್ರಾವಣ), ತೊಳೆಯುವ ನೀರು ಮೂರೂ ಹೆಚ್ಚುಕಡಿಮೆ ಒಂದೇ ತಂಪಿನಲ್ಲಿರಲಿ.

ಹೊತ್ತು ಬೆಳಗಿನ ಜಾವವೇ ಒಳ್ಳೆಯದು. ಫಿಲ್ಮನ್ನು ಡೆವಲಪಿಂಗ್ ಟ್ಯಾಂಕಿನೊಳಗಿನ ಸ್ಪೈರಲ್‌ಗೆ (ಸುರುಳಿ ಚಕ್ರಕ್ಕೆ) ಸುತ್ತುವ ಕೆಲಸವನ್ನು ಹಿಂದಿನ ರಾತ್ರಿ ಬಚ್ಚಲುಮನೆಯಲ್ಲಿ ದೀಪ ಆರಿಸಿ ಮುಗಿಸುತ್ತೇನೆ. ಕಪ್ಪು ಚೀಲದೊಳಗೆ ಕೈ ಹಾಕಿ ಮಾಡಿದರೆ ಬೇಸಿಗೆಯಲ್ಲಿ ಕೈ ಬೆವರಿ ಫಿಲ್ಮ್ ಅಂಟಿಕೊಳ್ಳುತ್ತದೆ, ಮುಂದೆ ಸರಿಯುವುದಿಲ್ಲ.

ನಲ್ಲಿ ನೀರು ದಿನಾ ಬರದ ಊರು ನಮ್ಮದು. ಹರಿಯುವ ನೀರಿನಲ್ಲಿ ತಾಸುಗಟ್ಟಲೆ ತೊಳೆಯಬೇಕು ಅಂತ ಯಾರಾದರೂ ಹೇಳಿದರೆ ಹೆದರಬೇಡಿ. ಎಚ್‌ಪಿ5 ತಯಾರಿಸುವ ಇಲ್‌ಫೋರ್ಡಿನವರೇ ಹೇಳಿದ ಕ್ರಮ ಇದೆ. ಫಿಲ್ಮ್ ಇರುವ ಡೆವಲಪಿಂಗ್ ಟ್ಯಾಂಕಿಗೆ ನೀರು ತುಂಬಿ 5 ಸಲ ಬೋರಲು ಹಾಕಿ ಚೆಲ್ಲಿ. ಹೊಸ ನೀರು, 10 ಸಲ. ಮತ್ತೆ ಹೊಸ ನೀರು, 20 ಸಲ. ಮುಗಿಯಿತು. ಹೈಪೋ ಮಾತ್ರ ಹಾರ್ಡನರ್ (ಫಿಲ್ಮಿನ ಪದರ ಗಟ್ಟಿ ಮಾಡುವ ರಾಸಾಯನಿಕ) ಇಲ್ಲದ್ದಾಗಿರಬೇಕು. ಬೋರ್ ನೀರಿನ ಉಪ್ಪು ಒಣಗಿದ ಮೇಲೆ ನೆಗೆಟಿವ್ ಮೇಲೆ ಬಿಳಿ ಚುಕ್ಕಿ ಬಿಡುತ್ತದೆ. ಕೊನೆಯ ಅದ್ದುವಿಕೆಗೆ ಗ್ಯಾರೇಜ್ ಹತ್ತಿರ ಸಿಗುವ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್, ಆ್ಯಸಿಡ್ ಅಲ್ಲ) ತಂದುಕೊಳ್ಳಿ, ಅದಕ್ಕೆ ವೆಟಿಂಗ್ ಏಜೆಂಟ್ (ನೀರು ಹನಿಗಟ್ಟದೆ ಜಾರಿಹೋಗಲು ಹಾಕುವುದು) ಒಂದೆರಡು ಹನಿ. ಯಾರಾದರೂ ಬಿಸಿನೀರಿನ ಸ್ನಾನ ಮಾಡಿ ಬಂದ ಬಚ್ಚಲಲ್ಲಿ ನೇತುಹಾಕಿ, ಧೂಳು ಕೆಳಗೆ ಕೂತಿರುತ್ತದೆ. ಕೆಳತುದಿಗೆ ಬಟ್ಟೆ ಕ್ಲಿಪ್. ಬಳಸಿದ ಹೈಪೋದಲ್ಲಿ ಬೆಳ್ಳಿ ಇರುತ್ತದೆ, ಗಿಡದ ಬುಡಕ್ಕೆ ಸುರಿಯಬೇಡಿ.

ಸ್ಕ್ಯಾನರ್ ಬೇಕಾಗಿಲ್ಲ. ಟ್ಯಾಬ್‌ನಲ್ಲಿ ಬಿಳಿ ಪರದೆ ಹಚ್ಚಿ, ನೆಗೆಟಿವ್ ಅದಕ್ಕೆ ತಾಗದಂತೆ ಎರಡು ಬೆರಳು ಮೇಲೆ ಹಿಡಿದು ಫೋಟೋ ತೆಗೆಯಿರಿ. ತಾಗಿಸಿದರೆ ಪರದೆಯ ಚುಕ್ಕಿಗಳೂ ಬರುತ್ತವೆ. ಚೌಕ ನೆಗೆಟಿವ್ 56 ಎಂಎಂ ಅಗಲ, 35 ಎಂಎಂನದಕ್ಕಿಂತ ಮೂರೂವರೆ ಪಟ್ಟು ಜಾಗ. ಮೊಬೈಲಿನಲ್ಲಿ ತೆಗೆದರೂ ವಿವರ ಸಿಗುತ್ತದೆ.

ಗದಗದಿಂದ

ನಿಮ್ಮೂರಿನವನೇ. ಲಕ್ಕುಂಡಿಗೆ ಬೇಸಿಗೆಯಲ್ಲಿ 400ರ ರೋಲ್ ಒಯ್ಯಬೇಡಿ (ಈ ನಂಬರು ಹೆಚ್ಚಿದಷ್ಟೂ ಫಿಲ್ಮಿಗೆ ಕಡಿಮೆ ಬೆಳಕು ಸಾಕು). ನೆತ್ತಿ ಬಿಸಿಲಿಗೆ ಲೆನ್ಸಿನ ಕಿಂಡಿ ಕಿರಿದಾಗಿಸಿ ಎಫ್/16, ಶಟರ್ 1/500 ಆಗಿಬಿಡುತ್ತದೆ. ಅದಕ್ಕಿಂತ ಜೋರಿನ ಸ್ಪೀಡ್ ನಿಮ್ಮ ಯಾಶಿಕಾದಲ್ಲಿ ಇಲ್ಲ, ಹಿನ್ನೆಲೆ ಮಸುಕು ಮಾಡುವ ಆಸೆ ಬಿಡಬೇಕು. 100 ಅಥವಾ 125ರದು ಹಾಕಿ. ಮಳೆಗಾಲಕ್ಕೆ 400.

ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದ ಒಳಗೆ ಬೇರೆಯೇ ಲೆಕ್ಕ. ಹೊರಗೆ ಕಣ್ಣು ಕುಕ್ಕುವ ಬೆಳಕು, ಒಳಗೆ ಕತ್ತಲು. ಕಂಬದ ನೆರಳಿನ ಭಾಗಕ್ಕೆ ಮೊಬೈಲ್ ಹಿಡಿದು ಅಳೆಯಿರಿ. ನೆಗೆಟಿವ್ ಫಿಲ್ಮ್ ಬೆಳಕು ಹೆಚ್ಚಾದರೆ ತಡೆದುಕೊಳ್ಳುತ್ತದೆ, ಕಡಿಮೆಯಾದರೆ ತಡೆಯುವುದಿಲ್ಲ. ಶಟರ್ ತೆರೆದಿಡುವ ಹೊತ್ತು ಸೆಕೆಂಡುಗಳಿಗೆ ಹೋದಾಗ ಫಿಲ್ಮ್ ಮಂದವಾಗುತ್ತದೆ. ಮೀಟರ್ 10 ಸೆಕೆಂಡ್ ಅಂದರೆ ಎಚ್‌ಪಿ5ಗೆ 20 ಕೊಡಬೇಕು. ಅದಕ್ಕೆ ಸ್ಟ್ಯಾಂಡ್ ಬೇಕು, ಸ್ಟ್ಯಾಂಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಕಾವಲುಗಾರರ ಜೊತೆ ವಾದ ಮಾಡುವುದಕ್ಕಿಂತ ಅಲ್ಲೇ ಇರುವ ಮುಸುಕಿನ ಬಾವಿ ಅನ್ನುವ ಮೆಟ್ಟಿಲುಬಾವಿಗೆ ಹೋಗಿ. ಮೆಟ್ಟಿಲುಗಳ ಮೇಲೆ ಓರೆ ಬಿಸಿಲು ಬೀಳುವಾಗ ಕೈಯಲ್ಲೇ ಹಿಡಿದು ತೆಗೆಯಬಹುದು. ಚೌಕ ಚೌಕಟ್ಟಿಗೆ ಅಷ್ಟು ಚೆನ್ನಾಗಿ ಕೂರುವ ಜಾಗ ಈ ಸುತ್ತಲಲ್ಲಿ ಇನ್ನೊಂದಿಲ್ಲ, ನನ್ನ ಪ್ರಕಾರ.

ಸವಣೂರಿನ ದೊಡ್ಡಹುಣಸೆ ಮರಕ್ಕೆ ಹೋದರೆ ಬಹಳ ಹಿಂದೆ ಸರಿದು ನಿಲ್ಲಬೇಕಾಗುತ್ತದೆ. ಇದರ 80 ಎಂಎಂ ಲೆನ್ಸಿಗೆ ಆ ಬೊಡ್ಡೆ ಹತ್ತಿರದಿಂದ ಹಿಡಿಯುವುದಿಲ್ಲ.

ದುಡ್ಡಿನ ಮಾತು. ರೋಲ್ ಆನ್‌ಲೈನಿನಲ್ಲೇ ತರಿಸಬೇಕು, ಅಗ್ಗವೇನಲ್ಲ. ಲೆನ್ಸಿನ ಹುಡ್ಡು, ಬ್ಯಾಗು ಅಂತ ಖರ್ಚು ಮಾಡುವ ಬದಲು ಅದರಲ್ಲಿ ರೋಲ್ ತಗೊಳ್ಳಿ. ಫ್ರಿಜ್‌ನಲ್ಲಿಡಿ, ಬಳಸುವ ಒಂದೆರಡು ತಾಸು ಮುಂಚೆ ಪೊಟ್ಟಣ ಬಿಚ್ಚದೆ ಹೊರಗಿಡಿ. ಬೈಕ್ ಡಿಕ್ಕಿಯಲ್ಲಿ ಬಿಟ್ಟು ಬಿಸಿಲಲ್ಲಿ ನಿಲ್ಲಿಸಬೇಡಿ.

ಧಾರವಾಡ, ಲೈನ್ ಬಜಾರ್‌ನಿಂದ

ಎಲ್ಲರೂ ಸೇರಿ ಆ ಹುಡುಗಿಯನ್ನು ಹೆದರಿಸುತ್ತಿದ್ದೀರಿ. ನಾನು ನಮ್ಮ ಅಪ್ಪನ ಆಗ್ಫಾ ಕ್ಲಿಕ್ ತ್ರೀಯಲ್ಲಿ ತೆಗೆಯುತ್ತೇನೆ. ಅದೂ 120 ರೋಲೇ. ಫೋಕಸ್ ಇಲ್ಲ, ಮೀಟರ್ ಇಲ್ಲ, ಬಿಸಿಲಿದ್ದರೆ ಒತ್ತುವುದು ಅಷ್ಟೇ. ಉಣಕಲ್ ಕೆರೆ ದಂಡೆಯಲ್ಲಿ ಸಂಜೆ ತೆಗೆದವು ನಿಮ್ಮ ಲೆಕ್ಕಾಚಾರದ ಫೋಟೋಗಳಿಗಿಂತ ನನಗೆ ಇಷ್ಟ. ಹಳೇ ಆಲ್ಬಮ್‌ಗಳಲ್ಲಿ ಬಿಳಿ ಅಂಚಿನ ಪುಟ್ಟ ಚೌಕ ಫೋಟೋ ಇರುತ್ತವಲ್ಲ, ಅವು ನೆಗೆಟಿವನ್ನೇ ಕಾಗದಕ್ಕೆ ಒತ್ತಿ ತೆಗೆದ ಕಾಪಿಗಳು. ಅವನ್ನು ತೆಗೆದವರು ಯಾವ ಚಾರ್ಟ್ ನೋಡಿದ್ದರು? ಒಂದೇ ಎಚ್ಚರ. ಇಂಥ ಡಬ್ಬಿ ಕ್ಯಾಮೆರಾಗಳ ಹಿಂದಿನ ಕೆಂಪು ಕಿಂಡಿಗೆ ಕಪ್ಪು ಟೇಪ್ ಹಚ್ಚಿ, ನಂಬರ್ ನೋಡುವಾಗ ಮಾತ್ರ ನೆರಳಿನಲ್ಲಿ ಎತ್ತಿ. ಈಗಿನ ಫಿಲ್ಮಿಗೆ ಕೆಂಪು ಬೆಳಕೂ ತಾಗುತ್ತದೆ. ಮನೆಯಲ್ಲಿ ಕೊಡಕ್‌ನ ಹಳೇ ಡಬ್ಬಿ ಸಿಕ್ಕರೆ 620 ಅಂತ ಬರೆದಿದೆಯಾ ನೋಡಿ. ಫಿಲ್ಮ್ ಅದೇ ಅಗಲ, ಸ್ಪೂಲ್ ಬೇರೆ, 120 ಅದರಲ್ಲಿ ನೇರ ಕೂರುವುದಿಲ್ಲ.

ಕೇಳಿದವರು: ಗದಗ-ಬೆಟಗೇರಿ

ಎಲ್ಲರಿಗೂ ಥ್ಯಾಂಕ್ಸ್. ರೋಲ್ ಹೊರಗೆ ಬಂತು, ಎಲ್ಲೂ ಬಿಗಿಯಾಗಲಿಲ್ಲ. ಕಾಗದದ ಮೇಲೆ ಓರ್ವೋ ಅಂತ ಇದೆ, ಕಪ್ಪುಬಿಳುಪು. ಕೆಳಗಿನ ಕಡೆ ಒಂದು ಖಾಲಿ ಸ್ಪೂಲ್ ಉಳಿದಿದೆ, ಎಸೆಯಲಾ? ಈ ರೋಲನ್ನು ನಾನೇ ತೊಳೆಯಬಹುದಾ?

ಹುಬ್ಬಳ್ಳಿಯಿಂದ, ಸ್ಟುಡಿಯೋದಲ್ಲಿ ದುಡಿದವರು

ಎಸೆಯಬೇಡವ್ವಾ. ಅದನ್ನು ಮೇಲಿನ ಕಡೆ ಹಾಕು, ಹೊಸ ರೋಲ್ ಕೆಳಗೆ. ಆ ಖಾಲಿ ಸ್ಪೂಲ್ ಇಲ್ಲದಿದ್ದರೆ ಹೊಸದಕ್ಕೆ ಸುತ್ತಿಕೊಳ್ಳಲು ಜಾಗವೇ ಇಲ್ಲ. ಕಾಗದದ ಬಾಣದ ಗುರುತು ಕ್ಯಾಮೆರಾದ ತ್ರಿಕೋನಕ್ಕೆ ಎದುರಾದಾಗ ಬಾಗಿಲು ಮುಚ್ಚಿ, ಹ್ಯಾಂಡಲ್ ತಾನೇ ನಿಲ್ಲುವ ತನಕ ತಿರುಗಿಸು.

ಹುಬ್ಬಳ್ಳಿ, ವಿದ್ಯಾನಗರದಿಂದ

ಓರ್ವೋ ರೋಲನ್ನು ಮೊದಲನೆಯದಾಗಿ ತೊಳೆಯಬೇಡಿ. ಹೊಸ ರೋಲ್ ಒಂದೆರಡು ತೊಳೆದು ಕೈ ಪಳಗಲಿ, ಅಲ್ಲಿಯ ತನಕ ಇದು ಫ್ರಿಜ್‌ನಲ್ಲಿರಲಿ. ಇಂಥ ಹಳೇ ರೋಲಿಗೆ ನಾನು ರೋಡಿನಾಲ್ ಅನ್ನುವ ಡೆವಲಪರ್ ಒಂದು ಪಾಲಿಗೆ ನೂರು ಪಾಲು ನೀರು ಬೆರೆಸಿ ಒಂದು ತಾಸು ಬಿಡುತ್ತೇನೆ. ಶುರುವಿನಲ್ಲಿ ಅರ್ಧ ನಿಮಿಷ ನಿಧಾನ ಅಲುಗಾಡಿಸಿ, ನಡುವೆ ಒಮ್ಮೆ. ಉಳಿದ ಹೊತ್ತು ಟ್ಯಾಂಕ್ ಮುಟ್ಟುವುದಿಲ್ಲ. ಬೇಕಾದರೆ ರೋಲ್ ತಗೊಂಡು ಬನ್ನಿ, ಒಟ್ಟಿಗೆ ತೊಳೆಯೋಣ. ಬೇಸಿಗೆ ಕಳೆದ ಮೇಲೆ ಬಂದರೆ ಐಸ್ ಉಳಿಯುತ್ತದೆ.