ಹತ್ತೊಂಬತ್ತರ ಹುಡುಗ ಮಕ್ಕಳೆದುರೇ ತಿದ್ದಿದ: ನಿಮ್ಮ ಅನುಭವ ಹೇಳಿ

ಹಾಸನದಿಂದ ಪ್ರಶ್ನೆ: ಒಂಬತ್ತು ವರ್ಷದಿಂದ ಸಂಡೇ ಸ್ಕೂಲ್ ಟೀಚರ್ ನಾನು. ಮಗು ಯೇಸುವನ್ನು ನೋಡಲು ಮೂಡಣದಿಂದ ಬಂದ ಜೋಯಿಸರು ಮೂವರು ಅಂತ ಬೈಬಲಲ್ಲೇ ಇದೆ ಎಂದೆ. ಟೀಚರಾಗಿ ಹೊಸದಾಗಿ ಸೇರಿದ ಹುಡುಗ, "ಇಲ್ಲ ಆಂಟಿ, ಮತ್ತಾಯ 2ರಲ್ಲಿ ಎಷ್ಟು ಜನ ಅಂತ ಇಲ್ಲ, ಕಾಣಿಕೆ ಮಾತ್ರ ಮೂರು" ಎಂದ. ಅವನು ಹೇಳಿದ್ದು ಸರಿ. ಆದರೂ ಎರಡು ವಾರದಿಂದ ಅವನ ಮುಖ ನೋಡಲಾಗುತ್ತಿಲ್ಲ. ಪ್ರಾರ್ಥನೆಗೆ ಕೂತರೂ ಅದೇ ನೆನಪು. ನೀವು ಹೇಗೆ ದಾಟಿದಿರಿ?

ಗದಗಿನಿಂದ: ನನಗೆ ಗರ್ವ ಬಂದದ್ದೇ ಓದಿನಿಂದ. ಅಂಚೆ ಮೂಲಕ ದೇವಶಾಸ್ತ್ರದ ಕೋರ್ಸ್ ಮಾಡಿದೆ. ಫೀಸು 11,000, ಪುಸ್ತಕ 4,200, ಪರೀಕ್ಷೆಗೆ ಓಡಾಟ 3,200. ಒಟ್ಟು 18,400 ರೂಪಾಯಿ, ಎಲ್ಲಾ ಹೆಂಡತಿಯ ಚೀಟಿ ದುಡ್ಡು. ಮುಗಿದ ಮೇಲೆ ಆರನೇ ಕ್ಲಾಸಿನ ಮಕ್ಕಳಿಗೆ ಗ್ರೀಕ್ ಪದ ವಿವರಿಸುತ್ತಾ ನಿಂತೆ. ಜೂನ್‌ನಲ್ಲಿ 32 ಮಕ್ಕಳಿದ್ದರು, ಡಿಸೆಂಬರ್‌ಗೆ 9. ಚರ್ಚಿನ ಅಯ್ಯನವರು (ಪಾಸ್ಟರ್) ನನ್ನೊಬ್ಬನನ್ನೇ ಕರೆದು ಹೇಳಿದರು. ಎಂಟು ತಿಂಗಳು ಬೇರೆ ಟೀಚರ್ ಕೈಕೆಳಗೆ ಚಾಪೆ ಹಾಸಿದೆ, ಹಾಜರಿ ಬರೆದೆ. ಮೊದಲು ಹೊಟ್ಟೆಯಲ್ಲಿ ಬೆಂಕಿ. ಆಮೇಲೆ ಯಾವ ಮಗು ತಿಂಡಿ ತಿನ್ನದೆ ಬರುತ್ತದೆ ಅಂತ ಗೊತ್ತಾಯಿತು. ಬೈಬಲಿನಲ್ಲಿ ಪ್ರಿಸ್ಕಿಲ್ಲ, ಅಕ್ವಿಲ ಎಂಬ ದಂಪತಿ ಕೂಡ ಅಪೊಲ್ಲೋಸ ಎಂಬ ಬೋಧಕನನ್ನು ಬೇರೆ ಕರೆದುಕೊಂಡು ಹೋಗಿಯೇ ತಿದ್ದಿದ್ದು. ಆ ಹುಡುಗ ಮಾಡಿದ್ದು ತಪ್ಪು.

ಉಡುಪಿಯಿಂದ: ತಪ್ಪೇನು? ಅಂತಿಯೋಕ್ಯ ಪಟ್ಟಣದಲ್ಲಿ ಅಪೊಸ್ತಲ ಪೌಲ, ಯೇಸುವಿನ ಶಿಷ್ಯ ಪೇತ್ರನಿಗೆ ಎಲ್ಲರ ಮುಂದೆಯೇ ತಪ್ಪು ಹೇಳಲಿಲ್ವಾ? ಗಲಾತ್ಯ 2 ನೋಡಿ. ನನ್ನನ್ನು ಯಾರೂ ತಿದ್ದಲೇ ಇಲ್ಲ, ಅದೇ ನೋವು. 14 ವರ್ಷ ಕಲಿಸಿದೆ. ಎದುರಿಗೆ ನಕ್ಕರು, ಹಿಂದೆ ಮಾತಾಡಿದರು. ಒಂದು ವರ್ಷ ವಿಬಿಎಸ್ (ಬೇಸಿಗೆ ರಜೆಯ ಬೈಬಲ್ ಶಾಲೆ) ಟೀಚರುಗಳ ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲ. ಅದರ ಹಿಂದಿನ ಬೇಸಿಗೆಯಲ್ಲಿ ಕೈಯಿಂದ 6,750 ಹಾಕಿದ್ದೆ. ಚಾರ್ಟು, ಬಣ್ಣ, 70 ಮಕ್ಕಳಿಗೆ ಐದು ದಿನ ಬಿಸ್ಕತ್ತು, ಶರಬತ್ತು.

ಗದಗಿನಿಂದ: ಪೇತ್ರನದು ಕಪಟ: ಅನ್ಯಜನರ ಜೊತೆ ಊಟ ಮಾಡುತ್ತಿದ್ದವನು ಯೆಹೂದ್ಯರಿಗೆ ಹೆದರಿ ಹಿಂದೆ ಸರಿದ. ಅದು ಪೌಲನ ಜೊತೆಗಾರ ಬಾರ್ನಬನನ್ನೂ ಎಳೆದುಕೊಂಡು ಹೋಯಿತು. ಬಾಯಿತಪ್ಪಿ ಬಂದ ಮಾತನ್ನು ಅದಕ್ಕೆ ಹೋಲಿಸಬೇಡಿ. ದೇವರಿಗೆ ಕೊಟ್ಟ ದುಡ್ಡಿನ ಲೆಕ್ಕವೂ ಬೇಡ.

ಉಡುಪಿಯಿಂದ: ನಿಮ್ಮ 18,400 ಬರೆಯಬಹುದು, ನನ್ನದು ಬರೆಯಬಾರದಾ?

ಶಿವಮೊಗ್ಗದಿಂದ: ದಯವಿಟ್ಟು ಯಾಕೋಬ 3:1 ಓದಿ, ಇಬ್ಬರೂ. ಬೋಧಕರಿಗೆ ಹೆಚ್ಚು ಕಠಿಣ ತೀರ್ಪು ಅಂತ ಅಲ್ಲಿದೆ. ನಾನು ಆ ಹುಡುಗನ ಜಾಗದಲ್ಲಿದ್ದವಳು. 2016ರಲ್ಲಿ ಹಿರಿಯ ಟೀಚರ್ ಒಬ್ಬರನ್ನು ಮಕ್ಕಳೆದುರೇ ತಿದ್ದಿದೆ. ಮಾತು ಸರಿಯಾಗಿತ್ತು, ದನಿ ಸರಿಯಿರಲಿಲ್ಲ. ಮುಂದಿನ ಭಾನುವಾರದಿಂದ ಅವರು ಬರಲಿಲ್ಲ. ಮೂರು ಸಲ ಮನೆಗೆ ಹೋದೆ. ಚಹಾ ಕೊಟ್ಟರು, ಕ್ಲಾಸಿನ ಮಾತೇ ಎತ್ತಲಿಲ್ಲ. ಅವರ ಹಾಡಿನ ನೋಟ್‌ಬುಕ್ ಇನ್ನೂ ನಮ್ಮ ಕಪಾಟಿನಲ್ಲಿದೆ.

ಉಡುಪಿಯಿಂದ: ನೀವು ಮೂರು ಸಲ ಹೋದಿರಿ. ನಮ್ಮ ಮನೆಗೆ ಒಬ್ಬರೂ ಬರಲಿಲ್ಲ.