ಪದಚರ್ಚೆ: ಎಂಜಿನ್ ಗಾಳಿಗೆ ತಂಪಾಗುತ್ತದೋ, ಆರುತ್ತದೋ, ತಣಿಯುತ್ತದೋ?

ಗೆಳೆಯರೇ,

ನಾನಿರುವುದು ಜರ್ಮನಿಯ ಹ್ಯಾನೋವರ್ ಹತ್ತಿರ. ಇಲ್ಲಿ ಒಂದು ಹಳೇ ಫೋಕ್ಸ್‌ವ್ಯಾಗನ್ ಪಿಕಪ್ ಮಾರಾಟಕ್ಕೆ ಬಂದಿದೆ. 1966ರದ್ದು, ಮುಂದಿನ ಗಾಜು ಎರಡು ಹೋಳಾಗಿರುವ ಗಾಡಿ. 1956ರಿಂದ ಇವು ಇದೇ ಊರಿನ ಕಾರ್ಖಾನೆಯಲ್ಲಿ ತಯಾರಾದವು, ಹಾಗಾಗಿ ಇಲ್ಲಿನವರಿಗೆ ಅದರ ಮೇಲೆ ಪ್ರೀತಿ ಜಾಸ್ತಿ. ಜಾಹೀರಾತನ್ನು ಅಪ್ಪನಿಗೆ ಫೋನಿನಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೆ. ‘ಗಾಳಿತಂಪಿನ ಗಾಡಿ’ ಅಂದೆ. ಅಪ್ಪ ತಕ್ಷಣ, ‘ಆ ಕಾಲಕ್ಕೇ ಏಸಿ ಇತ್ತೇನೋ?’ ಅಂದರು.

ತಪ್ಪು ಅವರದ್ದಲ್ಲ, ನನ್ನ ಪದದ್ದು. ಇಪ್ಪತ್ತು ವರ್ಷ ಹಳೇ ಚೇತಕ್ ಸ್ಕೂಟರ್ ಓಡಿಸಿದವರಿಗೆ ಏರ್-ಕೂಲ್ಡ್ ಎಂಜಿನ್ ಗೊತ್ತಿಲ್ಲದೆ ಇರುತ್ತದಾ? ಅದರಲ್ಲೂ ರೇಡಿಯೇಟರ್ ಇಲ್ಲ. ಒಂದು ಫ್ಯಾನ್ ಗಾಳಿ ತಳ್ಳುತ್ತದೆ, ಆ ಗಾಳಿ ಸಿಲಿಂಡರ್ ಸುತ್ತಲಿನ ರೆಕ್ಕೆಗಳ ಸಂದಿಯಲ್ಲಿ ನುಗ್ಗಿ ಬಿಸಿಯನ್ನು ಹೊತ್ತೊಯ್ಯುತ್ತದೆ. ಈ ಪಿಕಪ್‌ನಲ್ಲೂ ಅದೇ ಉಪಾಯ, ಸಿಲಿಂಡರ್ ಮಾತ್ರ ನಾಲ್ಕು, ಎಡಕ್ಕೆ ಎರಡು ಬಲಕ್ಕೆ ಎರಡು ಮಲಗಿವೆ. ‘ಚೇತಕ್ ಥರ’ ಅಂದ ಕೂಡಲೇ ಅವರಿಗೆ ಅರ್ಥವಾಯಿತು.

ನನಗನ್ನಿಸುವುದು, ತಂಪು ಅನ್ನುವುದು ಮೈಗೆ ಹಿತವಾಗುವಂಥದ್ದು. ಮರದ ತಂಪು, ತಂಪು ಹೊತ್ತು. ಓಡುವ ಎಂಜಿನ್ ಎಂದೂ ತಂಪಾಗುವುದಿಲ್ಲ, ಕೈ ಇಟ್ಟರೆ ಸುಡುತ್ತದೆ. ಬಿಸಿ ಮಿತಿ ಮೀರದಿದ್ದರೆ ಸಾಕು. ‘ಆರು’ ನೋಡೋಣ ಅಂದರೆ, ಹಾಲು ಆರಲಿ ಅನ್ನುತ್ತೇವೆ, ಅದು ಸರಿ. ಆದರೆ ದೀಪವೂ ಆರುತ್ತದೆ, ಬಟ್ಟೆಯೂ ಆರುತ್ತದೆ. ಆರುವ ಎಂಜಿನ್ ಅಂದರೆ ನಿಂತುಹೋಗುವ ಎಂಜಿನ್ ಅಂದುಕೊಂಡಾರು. ಉಳಿದದ್ದು ‘ತಣಿ’. ಕೋಪ ತಣಿಯುತ್ತದೆ, ಕಾದ ನೆಲ ತಣಿಯುತ್ತದೆ, ಎರಡರಲ್ಲೂ ಕಾವು ಇಳಿಯುವ ಅರ್ಥವಿದೆ. ಅದಕ್ಕೇ ‘ಗಾಳಿಗೆ ತಣಿಯುವ ಎಂಜಿನ್’, ‘ನೀರಿಗೆ ತಣಿಯುವ ಎಂಜಿನ್’ ಅನ್ನಬಹುದು ಅಲ್ವಾ? ಬಿಸಿಲಿಗೆ ಒಣಗಿತು, ಗಾಳಿಗೆ ಹಾರಿತು ಅನ್ನುವ ಹಾಗೆ. ‘ಗಾಳಿಯಿಂದ ತಣಿಸಲ್ಪಡುವ’ ಮಾತ್ರ ಬೇಡವೇ ಬೇಡ.

ಇನ್ನೊಂದು ಪದಕ್ಕೆ ನಿಮ್ಮ ಸಹಾಯ ನಿಜವಾಗಿ ಬೇಕು. ಜಾಹೀರಾತಿನಲ್ಲಿ ಎಂಜಿನ್‌ಗೆ ‘ಊಬರ್‌ಹೋಲ್ಟ್’, ಗಾಡಿಯ ಹೊರಮೈಗೆ, ಅಂದರೆ ಬಾಡಿ ಭಾಗಕ್ಕೆ, ‘ರೆಸ್ಟೌರೀರ್ಟ್’ (ಇಂಗ್ಲಿಷಿನ ರಿಸ್ಟೋರ್ಡ್) ಅಂತ ಬೇರೆ ಬೇರೆ ಜರ್ಮನ್ ಪದ ಇವೆ. ಎಂಜಿನ್‌ಗೆ ನಮ್ಮ ಗ್ಯಾರೇಜಿನ ‘ಬಿಚ್ಚಿ ಕಟ್ಟಿದ್ದು’ ಚೆನ್ನಾಗಿ ಹೊಂದುತ್ತದೆ. ಹೊರಮೈಗೆ ಏನನ್ನೋಣ? ದುರಸ್ತಿ ಅಂದರೆ ಕೆಟ್ಟಿದ್ದನ್ನು ಸರಿ ಮಾಡಿದ್ದಷ್ಟೇ. ನವೀಕರಣ ಅಂದರೆ ಲೈಸೆನ್ಸ್ ನೆನಪಾಗುತ್ತದೆ. ಜೀರ್ಣೋದ್ಧಾರ ಅರ್ಥದಲ್ಲಿ ತೀರಾ ಹತ್ತಿರ, ಆದರೆ ಅದು ಗುಡಿಗೇ ಇರಲಿ.

ಫೋಟೋದಲ್ಲಿ ನೋಡಿದ್ದು ಹೇಳುತ್ತೇನೆ. ಈ ಗಾಡಿಯಲ್ಲಿ ಎಂಜಿನ್ ಹಿಂದೆ ಇದೆ, ಸರಕು ಹಾಕುವ ಹಲಗೆ ಅದರ ಮೇಲೆ ಸಮನಾಗಿ ಹಾಸಿದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ, ಹಲಗೆಯ ಕೆಳಗೆ ಖಾಲಿ ಜಾಗ ಉಳಿಯುತ್ತದಲ್ಲ, 1952ರಲ್ಲಿ ಪಿಕಪ್ ಬಂದಾಗಿನಿಂದ ಅಲ್ಲಿ ಪಕ್ಕದಿಂದ ಬಾಗಿಲು ತೆಗೆಯುವ ಒಂದು ಗೂಡು ಇದೆ. ಇಲ್ಲಿನವರು ಅದನ್ನು ಟ್ರೆಸೋರ್, ಅಂದರೆ ತಿಜೋರಿ, ಅನ್ನುತ್ತಾರೆ. ಅದರ ತಳ ಪೂರ್ತಿ ತುಕ್ಕು ತಿಂದಿತ್ತಂತೆ. ಕೊಳೆತ ತಗಡನ್ನು ಕತ್ತರಿಸಿ, ಹೊಸದನ್ನು ಹಳೇ ಮಡಿಕೆಯಂತೆಯೇ ಬಗ್ಗಿಸಿ, ಬೆಸುಗೆ ಹಾಕಿ, ಮೊದಲಿನ ಬಣ್ಣವನ್ನೇ ಹೊಡೆದಿದ್ದಾರೆ. ಹಳೆಯದನ್ನು ಹೊಸದು ಮಾಡಿದ್ದಲ್ಲ, ಹಳೆಯದನ್ನು ಮತ್ತೆ ಹಳೆಯದರ ಹಾಗೆಯೇ ಕಟ್ಟಿದ್ದು.

ಲಾರಿ ಬಾಡಿ ಕಟ್ಟುವವರ ನಡುವೆ ಬೆಳೆದವರು, ಟಿಂಕರಿಂಗ್ ಕೆಲಸ ಹತ್ತಿರದಿಂದ ನೋಡಿದವರು ಯಾರಾದರೂ ಇದ್ದೀರಾ? ಇಂಥ ಕೆಲಸಕ್ಕೆ ನಿಮ್ಮ ಕಡೆ ಏನು ಅನ್ನುತ್ತಾರೆ?