ಕೆಮ್ಮು ತೆಗೆದ ವಾಲಿವಧೆ

“ಕೆಮ್ಮು ಎಲ್ಲಿ?” ಎಂದು ಕೇಳಿದರು ಮಾಷ್ಟ್ರು.

ಪ್ರಜ್ವಲ ಹೊಗಳಿಕೆಗೆ ಕಾಯುತ್ತಿದ್ದ. ಶಂಕರ ಭಟ್ರ ಅಟ್ಟದಲ್ಲಿ ಬೂಷ್ಟು ಹಿಡಿಯುತ್ತಿದ್ದ ಯಕ್ಷಗಾನದ ಕ್ಯಾಸೆಟ್‌ಗಳನ್ನು ಇಳಿಸಿ, ಒರಸಿ, ಕಂಪ್ಯೂಟರಿಗೆ ಏರಿಸಿ, ಸಾಫ್ಟ್‌ವೇರಿನಲ್ಲಿ ತೊಳೆದು, ಮೊದಲನೆಯದನ್ನು ಮೊಬೈಲಿಗೆ ಹಾಕಿಕೊಂಡು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಅಬ್ದುಲ್ಲಚ್ಚನ ಹೋಟೆಲಿಗೆ ಬಂದಿದ್ದ. ಇಷ್ಟೆಲ್ಲ ಮಾಡಿದವನಿಗೆ ಕೆಮ್ಮಿನ ಪ್ರಶ್ನೆ.

“ಯಾವ ಕೆಮ್ಮು ಮಾಷ್ಟ್ರೇ?”

“ದೊಡ್ಡ ಭಟ್ರ ಕೆಮ್ಮು ಮಾರಾಯ. ಬಾಣ ತಾಗಿ ಬಿದ್ದ ವಾಲಿ ‘ನಾನು ನಿನಗೇನು ಮಾಡಿದ್ದೆ ರಾಮಾ?’ ಅಂತ ಕೇಳ್ತಾನೆ. ಕೂಡಲೇ ಸಭೆಯಿಂದ ಒಂದು ಕೆಮ್ಮು. ಆಮೇಲೆ ರಾಮ ಬಾಯಿ ತೆರೆಯುವುದು. ನಿನ್ನದರಲ್ಲಿ ವಾಲಿ ಕೇಳಿ ಮುಗಿಸುವ ಮೊದಲೇ ರಾಮ ಶುರು ಮಾಡಿದ್ದಾನೆ.”

“ಅದು ಬ್ಯಾಕ್‌ಗ್ರೌಂಡ್ ನಾಯ್ಸ್. ತೆಗೆದಿದ್ದೇನೆ. ಅಲ್ಲಿ ಸುಮ್ನೆ ಗ್ಯಾಪ್ ಉಳಿಯಿತು, ಅದನ್ನೂ ಕಟ್ ಮಾಡಿದೆ.”

“ರಾಮನಿಗೆ ಯೋಚನೆ ಮಾಡ್ಲಿಕ್ಕೆ ಇದ್ದದ್ದೇ ಒಂದು ಕೆಮ್ಮಿನಷ್ಟು ಹೊತ್ತು. ಅದನ್ನೂ ಕಿತ್ತುಕೊಂಡೆಯಾ?”

ಭಟ್ರು ಗೋಳಿಬಜೆ ಮುರಿಯುತ್ತಾ ನಕ್ಕರು. ಕೆಮ್ಮಿದ್ದು ಅವರ ಅಪ್ಪ. ಕ್ಯಾಸೆಟ್ ಎಂಬತ್ತರ ದಶಕದ್ದು. ಗಲ್ಫಿನಿಂದ ಬಂದ ನ್ಯಾಷನಲ್ ಪ್ಯಾನಸೋನಿಕ್ಕನ್ನು ಮಾಷ್ಟ್ರು ಮಡಿಲಲ್ಲಿ ಇಟ್ಟುಕೊಂಡು ರಂಗಸ್ಥಳದ ಎದುರು ಕೂತಿದ್ದರು. ದೊಡ್ಡ ಭಟ್ರು ಪಕ್ಕದಲ್ಲಿದ್ದರು. ವಾಲಿಗಿಂತಲೂ ಅವರೇ ಮೈಕಿಗೆ ಹತ್ತಿರ.

ಆ ಕ್ಯಾಸೆಟ್ ಊರಿಡೀ ತಿರುಗಿತು. ಅದರಿಂದಲೇ ಅರ್ಥ, ಅಂದರೆ ಪಾತ್ರದ ಮಾತು, ಕಲಿತವರು ಎಷ್ಟೋ ಜನ. ಎಲ್ಲರೂ ಕೆಮ್ಮಿನ ಸಮೇತ ಕಲಿತರು. ವೇಷವಿಲ್ಲದೆ ಕೂತು ಮಾತಾಡುವ ಮಳೆಗಾಲದ ತಾಳಮದ್ದಳೆಯಲ್ಲಿ ಭಟ್ರು ವಾಲಿಯ ಅರ್ಥ ಹೇಳಿದರೆ ಇವತ್ತಿಗೂ ಆ ಜಾಗದಲ್ಲಿ ಕೆಮ್ಮುತ್ತಾರೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ ಅಲ್ವಾ? ಮಾಷ್ಟ್ರ ಶಾಲೆಯ ಹುಡುಗನೊಬ್ಬ ಅಲ್ಲಿಯೂ ವಾಲಿಯಾಗಿ ಕೆಮ್ಮಿದ. ‘ಬಾಣ ತಾಗಿದ ಎದೆಯಿಂದ ಬಂದ ಕೆಮ್ಮು, ಬಹಳ ಸಹಜ’ ಎಂದು ತೀರ್ಪುಗಾರರು ಮೆಚ್ಚಿಕೊಂಡರು. ದೊಡ್ಡ ಭಟ್ರಿಗೆ ನಿಜಕ್ಕೂ ಇದ್ದದ್ದು ನಶ್ಯದ ಅಭ್ಯಾಸ.

“ಕ್ಲೀನ್ ಆಗಿ ಕೇಳ್ತದಲ್ಲ ಮಾಷ್ಟ್ರೇ?”

“ಕೇಳ್ತದೆ. ಆಸ್ಪತ್ರೆಯ ಗಂಜಿ ಹಾಗೆ ಉಂಟು. ಜನರೇಟರ್ ಇಲ್ಲ, ಮಕ್ಕಳ ಕೂಗು ಇಲ್ಲ, ಚಪ್ಪಾಳೆ ಇಲ್ಲ. ವಾಲಿ ಪಾಪ ಯಾರೂ ಇಲ್ಲದ ಜಾಗದಲ್ಲಿ ಸತ್ತ.”

ಶೆಟ್ರು ಪೇಪರಿನಿಂದ ತಲೆ ಎತ್ತಿದರು. “ಹಳೆ ಕ್ಯಾಸೆಟ್‌ನ ಗುಣಗಾನ ಸಾಕು. ನನಗೆ ನೆನಪಿರುವುದು ಮಗುಚುವುದು ಮಾತ್ರ. ಸಿ-90 ಅಂದರೆ ಒಂದು ಬದಿಗೆ 45 ನಿಮಿಷ. ಸರಿಯಾಗಿ ವಾಲಿ ಸುಗ್ರೀವರು ಕೈ ಕೈ ಮಿಲಾಯಿಸುವಾಗ ಟಕ್ ಅಂತ ನಿಲ್ತಿತ್ತು.”

“ಹೌದು. ರಾಮ ಬಾಣ ಬಿಡುವುದು ಬಿ ಸೈಡಿನಲ್ಲಿ,” ಎಂದರು ಮಾಷ್ಟ್ರು. “ರಾಮಾಯಣದಲ್ಲಿ ಮರ ಇತ್ತು. ನಮ್ಮಲ್ಲಿ ರಾಮ ಅಡಗಿ ನಿಂತದ್ದು ಕ್ಯಾಸೆಟ್‌ನ ಮರೆಯಲ್ಲಿ.”

ಪ್ರಜ್ವಲ ಸೋಲುವ ಜನ ಅಲ್ಲ. ಅವನ ಕೈಯಲ್ಲಿ ಲೆಕ್ಕ ಉಂಟು. ಗಿರಗಿರ ತಿರುಗುವ ಧೀಂಗಿಣದ ಕುಣಿತ ಅರ್ಧ ನಿಮಿಷ ಹಾಕಿದರೆ ಸಾವಿರಗಟ್ಟಲೆ ಜನ ನೋಡುತ್ತಾರಂತೆ. ಅರ್ಥ ಹಾಕಿದರೆ ನೋಡುವುದು ಮಾಷ್ಟ್ರು ಮತ್ತು ಭಟ್ರು. ಅದರಲ್ಲಿಯೂ ಭಟ್ರು ನಿದ್ದೆ ಬಾರದಿದ್ದರೆ ಮಾತ್ರ.

“ಅರ್ಧ ನಿಮಿಷ ನೋಡಿದವನಿಗೆ ಅಭಿಮನ್ಯು ಯಾಕೆ ತಿರುಗ್ತಾನೆ ಅಂತ ಗೊತ್ತುಂಟಾ? ತಲೆ ತಿರುಗಿ ಅಂತ ಎಣಿಸಿಯಾನು. ಚಕ್ರವ್ಯೂಹ ಇಲ್ಲ, ದ್ರೋಣ ಇಲ್ಲ.”

“ಡ್ರೋನ್ ಉಂಟು ಮಾಷ್ಟ್ರೇ. ಮೇಲಿಂದ ಶಾಟ್ ತೆಗೆದಿದ್ದೇನೆ.”

ಯಾರೂ ನಗಲಿಲ್ಲ. ಅಬ್ದುಲ್ಲಚ್ಚ ಚಾ ತಂದಿಟ್ಟು, “ಶೇಣಿಯವರ ಬಪ್ಪ ಬ್ಯಾರಿ ನೋಡಿದವ ನಾನು,” ಎಂದ. ಬಪ್ಪನಾಡು ಕ್ಷೇತ್ರ ಮಹಾತ್ಮೆ ಪ್ರಸಂಗದಲ್ಲಿ ಶೇಣಿ ಗೋಪಾಲಕೃಷ್ಣ ಭಟ್ರು ಮಾಡುತ್ತಿದ್ದ ಆ ಪಾತ್ರ ಅವನಿಗೆ ಎಲ್ಲ ವಾದಕ್ಕೂ ಒಂದೇ ಉತ್ತರ. ಪೆಟ್ರೋಲ್ ರೇಟಿನ ಮಾತು ಬಂದರೂ ಅದನ್ನೇ ಹೇಳುತ್ತಾನೆ.

“ಇಲ್ಲೇ ಪಡ್ರೆಯ ಬಲಿಪ ನಾರಾಯಣ ಭಾಗವತರು ದೇವಿಮಹಾತ್ಮೆಯನ್ನು ಐದು ದಿನದ ಪ್ರಸಂಗ ಮಾಡಿ ಬರೆದವರು,” ಎಂದರು ಮಾಷ್ಟ್ರು. “ಒಂದು ರಾತ್ರಿ ಸಾಲಲಿಲ್ಲ ಅವರಿಗೆ. ನೀನು ಅದನ್ನು ಅರ್ಧ ನಿಮಿಷಕ್ಕೆ ಇಳಿಸಿ ಹಿಂದೆ ಒಂದು ಸಿನಿಮಾ ಮ್ಯೂಸಿಕ್ ಬೇರೆ ಹಾಕ್ತಿ. ಚಂಡೆ ಮದ್ದಳೆಗೆ ಹಿನ್ನೆಲೆ ಸಂಗೀತವಾ? ಮಹಿಷಾಸುರ ದೊಂದಿ ಹಿಡಿದು ಜನರ ನಡುವಿನಿಂದ ಬರುವಾಗ ಅವನಿಗೆ ಪಿಟೀಲು ಯಾಕೆ?”

“ಈಗ ಟೈಮ್ ಇಲ್ಲ ಮಾಷ್ಟ್ರೇ, ಜನಕ್ಕೆ.”

“ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಸಂವಿಧಾನದ ಕೇಸು ಸುಪ್ರೀಂ ಕೋರ್ಟಿನಲ್ಲಿ 68 ದಿನ ನಡೆಯಿತು. 13 ಜನ ಜಡ್ಜುಗಳು. 1973ರಲ್ಲಿ ತೀರ್ಪು ಬಂತು. ದೇಶದ ವಕೀಲರಿಗೆಲ್ಲ ಅವರ ಹೆಸರು ಗೊತ್ತು. ಆದರೆ ಅವರು ಆಟದಲ್ಲಿ ಹಾಡುವ ಭಾಗವತಿಕೆ ಮಾಡ್ತಿದ್ದರು ಅಂತ ನಮಗೆ ಮಾತ್ರ ಗೊತ್ತು. ಆ 68 ದಿನದ್ದು ಎಂತ? ಪಕ್ಕಾ ತಾಳಮದ್ದಳೆ. ಅರ್ಧ ನಿಮಿಷದಲ್ಲಿ ಮುಗಿಸಿ ಅಂದಿದ್ದರೆ ನಮ್ಮ ಸಂವಿಧಾನಕ್ಕೂ ಧೀಂಗಿಣವೇ ಗತಿ.”

ಶೆಟ್ರಿಗೆ ಮಾತ್ರ ಚಿಕ್ಕದಾದರೆ ಸಂತೋಷ. ಬೆಳಗಿನ ಜಾವ ರಬ್ಬರ್ ಟ್ಯಾಪಿಂಗಿಗೆ ಹೋಗುವವರು ಅವರು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಹಾಕಬಾರದು ಎಂಬ 2000ನೇ ಇಸವಿಯ ನಿಯಮವನ್ನು ಅವರು ಬಾಯಿಪಾಠ ಹೇಳುತ್ತಾರೆ. ಕಾಲಮಿತಿ ಆಟ ಅವರ ಪಾಲಿಗೆ ದೇವರು ಕೊಟ್ಟ ವರ. “ಹನ್ನೊಂದಕ್ಕೆ ರಾಕ್ಷಸ ಸತ್ತರೆ ಹನ್ನೆರಡಕ್ಕೆ ನಾನು ಹಾಸಿಗೆಯಲ್ಲಿ,” ಎನ್ನುತ್ತಾರೆ.

ಭಟ್ರಿಗೆ ಆಗ ಮಗಳ ನೆನಪಾಯಿತು. ಅವಳು ಲಂಡನ್‌ನಲ್ಲಿದ್ದಾಳೆ. ಅಲ್ಲಿಯ ಮ್ಯೂಸಿಕಲ್ ನಾಟಕಗಳ ಹುಚ್ಚು ಹಿಡಿದಿದೆ. ಆಟ ನಡೆಯುವಾಗ ಮೊಬೈಲ್ ಎತ್ತಿದರೆ ಟಾರ್ಚ್ ಹಿಡಿದವರು ಬಂದು ಎಚ್ಚರಿಸುತ್ತಾರಂತೆ.

“ನಮ್ಮಲ್ಲಿ ಮೊಬೈಲ್ ಎತ್ತದಿದ್ದರೆ ಟಾರ್ಚ್ ಹಿಡಿದು ನೋಡ್ತಾರೆ, ಹುಷಾರಿಲ್ವಾ ಅಂತ,” ಎಂದರು ಮಾಷ್ಟ್ರು. “ಯಾವ ಪ್ರಸಂಗವಂತೆ?”

“ದಿ ಫ್ಯಾಂಟಮ್ ಆಫ್ ದಿ ಒಪೆರಾ. 1986ರ ಅಕ್ಟೋಬರದಲ್ಲಿ ಶುರುವಾದದ್ದು. ಕೊರೋನಾ ಹೊತ್ತಿಗೆ ನಿಂತದ್ದು ಬಿಟ್ಟರೆ ಅದೇ ಥಿಯೇಟರಿನಲ್ಲಿ ಈಗಲೂ ಉಂಟು. ನಾಯಕ ಅರ್ಧ ಮುಖಕ್ಕೆ ಮುಖವಾಡ ಹಾಕಿರ್ತಾನಂತೆ.”

“ಅರ್ಧ ಮುಖದಲ್ಲೇ ಇಷ್ಟು ವರ್ಷ ಓಡಿತಾ? ನಮ್ಮ ಬಣ್ಣದ ವೇಷದವರು ಪೂರ್ತಿ ಮುಖಕ್ಕೆ ಅಕ್ಕಿ ಹಿಟ್ಟಿನ ಚುಟ್ಟಿ ಇಟ್ಟು ಕೂತದ್ದೇ ದಂಡ.”

ರೆಕಾರ್ಡಿಂಗಿನ ವಿಷಯದಲ್ಲಿಯೂ ಅವರು ನಮಗಿಂತ ಮೊದಲು ಎಂದು ಭಟ್ರು ಮಗಳ ಪರ ವಕಾಲತ್ತು ಮುಂದುವರಿಸಿದರು. ಅಮೆರಿಕದಲ್ಲಿ 1943ರಲ್ಲೇ ಒಕ್ಲಹೋಮ ಎಂಬ ಆಟದ ಹಾಡುಗಳನ್ನು ಅದೇ ನಟರಿಂದ ಹಾಡಿಸಿ ಡೆಕ್ಕಾ ಕಂಪನಿ ಆರು ಗ್ರಾಮಫೋನ್ ಪ್ಲೇಟುಗಳ ಕಟ್ಟು ಮಾಡಿ ಮಾರಿತ್ತು. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ.

“ಮೂರು ನಿಮಿಷಕ್ಕೊಮ್ಮೆ ಮಗುಚಬೇಕಾ?” ಶೆಟ್ರು ಗಾಬರಿಯಾದರು.

“ನಮ್ಮ ರಾಕ್ಷಸ ತೆರೆಯ ಹಿಂದಿನಿಂದ ಕಿರೀಟ ತೋರಿಸಲಿಕ್ಕೇ ಅದಕ್ಕಿಂತ ಜಾಸ್ತಿ ಬೇಕು,” ಎಂದರು ಮಾಷ್ಟ್ರು. “ಅದಿರಲಿ. ಪ್ಲೇಟಿಗೆ ಹಾಡಿದ್ದು ಎಲ್ಲಿ, ಸಭೆಯ ಎದುರಾ?”

“ಇಲ್ಲ, ಸ್ಟುಡಿಯೋದಲ್ಲಿ.”

“ಹಾಗಾದರೆ ಕೆಮ್ಮು ಇಲ್ಲ.” ಮಾಷ್ಟ್ರು ಅಮೆರಿಕವನ್ನು ಅಲ್ಲಿಗೇ ಬಿಟ್ಟರು.

“ಹ್ಯಾಮಿಲ್ಟನ್ ಅಂತ ಇನ್ನೊಂದು ಉಂಟು. ಅದನ್ನು ಥಿಯೇಟರಿನಲ್ಲಿ ಜನ ಕೂತಿರುವಾಗಲೇ 2016ರಲ್ಲಿ ಶೂಟ್ ಮಾಡಿ, 2020ರ ಲಾಕ್‌ಡೌನಿನಲ್ಲಿ ಮನೆ ಮನೆಗೆ ಬಿಟ್ಟರಂತೆ. ಜನ ನಗುವುದು, ಚಪ್ಪಾಳೆ, ಎಲ್ಲ ಇದೆಯಂತೆ.”

“ಕೆಮ್ಮು?”

“ಮಗಳ ಹತ್ರ ಕೇಳ್ತೇನೆ ಮಾರಾಯ್ರೇ!”

“ಕೇಳಿ. ಇದ್ದರೆ ಅದು ಆಟ, ಇಲ್ಲದಿದ್ದರೆ ಸಿನಿಮಾ.”

ಸಿನಿಮಾ ಎಂದದ್ದೇ ತಡ, ಪ್ರಜ್ವಲ ಎದ್ದು ಕೂತ. ಮಲಯಾಳ ಸಿನಿಮಾದ ಸೌಂಡ್ ಅಂದರೆ ಅವನಿಗೆ ಪ್ರಾಣ. ರಸೂಲ್ ಪೂಕುಟ್ಟಿ ಕೇರಳದವರು, 2009ರಲ್ಲಿ ಸ್ಲಮ್‌ಡಾಗ್ ಮಿಲಿಯನೇರ್ ಸಿನಿಮಾದ ಧ್ವನಿಗೆ ಆಸ್ಕರ್ ತಂದವರು, ಸೌಂಡ್ ಅಂದರೆ ಹಾಗಿರಬೇಕು ಎಂದೆಲ್ಲ ಹೇಳಿದ.

“ಅದರ ಕಥೆ ನಡೆಯುವುದು ಎಲ್ಲಿ?”

“ಮುಂಬಯಿಯ ಕೊಳೆಗೇರಿಯಲ್ಲಿ.”

“ಅಲ್ಲಿ ಗಲಾಟೆ ಇರ್ತದಾ?”

“ಇರದೆ ಮತ್ತೆ?”

“ಆಸ್ಕರ್ ಸಿಕ್ಕಿದ್ದು ಆ ಗಲಾಟೆ ತೆಗೆದದ್ದಕ್ಕಾ, ಇಟ್ಟದ್ದಕ್ಕಾ?”

ಪ್ರಜ್ವಲ ಚಾ ಕುಡಿದ. ಗ್ಲಾಸು ಆಗಲೇ ಖಾಲಿಯಾಗಿತ್ತು.

ಮಾಷ್ಟ್ರಿಗೆ ಹುರುಪು ಬಂತು. ವಾದ ಮದುವೆಗೆ ಹಾರಿತು. ಭಟ್ರ ಮಗಳ ಮದುವೆಯ ವೀಡಿಯೋ ಮೂರು ನಿಮಿಷದ್ದು. ಅಡಿಕೆ ತೋಟದ ಮೇಲೆ ಕ್ಯಾಮೆರಾ ಹಾರುತ್ತದೆ. ಮದುಮಗಳು ನಿಧಾನಕ್ಕೆ ತಿರುಗುತ್ತಾಳೆ. ಮದುಮಗ ಕೂಲಿಂಗ್ ಗ್ಲಾಸ್ ತೆಗೆಯುತ್ತಾನೆ, ಪುನಃ ಹಾಕುತ್ತಾನೆ. ಧಾರೆ ಎರೆದದ್ದು ಅದರಲ್ಲಿ ಇಲ್ಲ. “ಪಾಯಸದ ಸೌಟು ಹಿಡಿದು ಎರಡನೇ ಹಂತಿಗೆ ಓಡಿದ ಭಾವನೂ ಇಲ್ಲ, ಬಳಸಿದ್ದು ಸಾಲಲಿಲ್ಲ ಅಂತ ಮುನಿಸಿಕೊಂಡ ಮಾವನೂ ಇಲ್ಲ. ಮಾವ ಮುನಿಯದ ಮದುವೆ ಎಂತ ಮದುವೆ? ಎಲ್ಲ ನಾಯ್ಸ್ ಅಂತ ತೆಗೆದರು.”

“ಅದು ಸಿನಿಮ್ಯಾಟಿಕ್ ಮಾಷ್ಟ್ರೇ.”

“ಸಿನಿಮಾದಲ್ಲಿ ಸಹ ಕಡೇಗೆ ತಾಳಿ ಕಟ್ಟಿಸ್ತಾರಲ್ಲ ಮಾರಾಯ!”

ಭಟ್ರು ಈ ಸಲ ನಗಲಿಲ್ಲ. ಆ ದುಡ್ಡು ಅವರದೇ.

“ಹೇಳಲಿಕ್ಕೆ ಹೋದರೆ,” ಮಾಷ್ಟ್ರು ಸ್ವಲ್ಪ ಮೆತ್ತಗಾದರು, “ನಾವೇ ಬ್ಯಾಕ್‌ಗ್ರೌಂಡ್ ನಾಯ್ಸ್ ಅಲ್ವಾ? ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಹಾಗೇ. ತಿರುವನಂತಪುರಕ್ಕೆ ಕೇಳುವಾಗ ಇಲ್ಲಿಂದ ಏನೋ ಕನ್ನಡದ ಗೊರ ಗೊರ. ಬೆಂಗಳೂರಿಗೆ ಕೇಳುವಾಗ ಏನೋ ಕೇರಳದ ಗೊರ ಗೊರ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬ ಕುಂಬಳೆಯವ ಅಂದರೆ ‘ಹೌದಾ, ಅದು ಕರ್ನಾಟಕದಲ್ಲಿ ಎಲ್ಲಿ ಬರ್ತದೆ?’ ಅಂತ ಕೇಳ್ತಾರೆ. ಇಂಥವರ ಊರಿನಲ್ಲಿ ಕೂತು ನೀನು ನಾಯ್ಸ್ ತೆಗೀತಿಯಲ್ಲ ಪ್ರಜ್ವಲ.”

ಯಾರಿಗೂ ಥಟ್ಟನೆ ಮಾತು ಬರಲಿಲ್ಲ. ಶೆಟ್ರು ಪೇಪರ್ ಮಡಚಿಟ್ಟರು.

“ಮಾಷ್ಟ್ರೇ,” ಎಂದ ಪ್ರಜ್ವಲ, “ತೆಗೆದದ್ದು ಎಲ್ಲಿಗೂ ಹೋಗಲಿಲ್ಲ. ಅಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ ರೆಸಿಡ್ಯೂ ಅಂತ ಒಂದು ಉಂಟು. ಅದನ್ನು ಒತ್ತಿದರೆ ಸಾಫ್ಟ್‌ವೇರ್ ತೆಗೆಯುವ ನಾಯ್ಸ್ ಮಾತ್ರ ಉಳಿಯುತ್ತದೆ. ಸರಿಯಾಗಿ ತೆಗೆದಿದೆಯಾ ಅಂತ ನೋಡ್ಲಿಕ್ಕೆ ಅದನ್ನು ಬೇರೆ ಫೈಲ್ ಮಾಡಿಟ್ಟಿದ್ದೆ. ಫೋನಿನಲ್ಲೇ ಉಂಟು.”

“ವಾಲಿ ಇಲ್ಲದ್ದು?”

“ವಾಲಿ ಸಣ್ಣಕ್ಕೆ ಕೇಳ್ಬಹುದು. ಉಳಿದದ್ದು ಬರೀ ಗಲಾಟೆ.”

“ಹಾಕು ಹಾಕು,” ಎಂದವರು ಭಟ್ರು.

ಅಬ್ದುಲ್ಲಚ್ಚ ಫ್ಯಾನ್ ಆರಿಸಿದ. ಮೊದಲು ಜನರೇಟರಿನ ಸದ್ದು. ಆಮೇಲೆ ಒಂದು ಮಗುವಿನ ಅಳು. ಯಾರೋ ತುಳುವಿನಲ್ಲಿ ಗದರಿದರು. ಯಾರೋ ಮಲಯಾಳದಲ್ಲಿ ಗಂಟೆ ಎಷ್ಟಾಯಿತು ಎಂದು ಕೇಳಿದರು, ಇನ್ನೊಬ್ಬರು ಕೊಂಕಣಿಯಲ್ಲಿ ಉತ್ತರ ಕೊಟ್ಟರು. ಚಂಡೆ ಎಲ್ಲೋ ಗುಡ್ಡದಾಚೆ ಇದ್ದ ಹಾಗಿತ್ತು. ಮಾಷ್ಟ್ರು ಕಣ್ಣು ಮುಚ್ಚಿ, ಕಾಣದ ವಾಲಿಯ ಅರ್ಥವನ್ನು ತಾವೇ ಹೇಳುತ್ತಾ ಹೋದರು. ಒಂದು ಅಕ್ಷರ ಆಚೀಚೆ ಆಗಲಿಲ್ಲ. “ನಾನು ನಿನಗೇನು ಮಾಡಿದ್ದೆ ರಾಮಾ?” ಎಂದು ನಿಲ್ಲಿಸಿದರು.

ಕೆಮ್ಮು ಬಂತು.

“ಅಪ್ಪಂದೇ,” ಎಂದರು ಭಟ್ರು. “ಅದರ ನಂತರ ಟವೆಲ್‌ನಲ್ಲಿ ಮೂಗು ಒರಸುತ್ತಿದ್ದರು.” ಸ್ವಲ್ಪ ಹೊತ್ತು ಬಿಟ್ಟು, “ಇದನ್ನೇ ನನಗೆ ಕಳಿಸು ಪ್ರಜ್ವಲ. ವಾಲಿಯದು ಬೇಡ, ಅದು ನನಗೆ ಬರ್ತದೆ,” ಎಂದರು.

ಫೋನು ಓಡುತ್ತಲೇ ಇತ್ತು. ಮೈಕಿಗೆ ತೀರಾ ಹತ್ತಿರದಿಂದ ಒಬ್ಬ ಹುಡುಗನ ಸ್ವರ ಕೇಳಿತು. “ಕಡ್ಲೇ, ಬಿಸಿ ಬಿಸಿ ಕಡ್ಲೇ!” ಪೊಟ್ಟಣದ ಕಾಗದ ಪರಪರ ಎಂದಿತು. ಚಂಡೆ ನಿಂತ ಆ ಗಳಿಗೆಯಲ್ಲಿ ಹುಡುಗ ಮತ್ತೆ ಹೇಳಿದ. “ಮಾಷೇ, ನಾಲ್ಕಾಣೆ ಬಾಕಿ.” ಮಾಷ್ಟ್ರ ಎಳೆಯ ಸ್ವರ ಬಂತು. “ಶ್! ರೆಕಾರ್ಡ್ ಆಗ್ತಾ ಉಂಟು. ಆಮೇಲೆ ಬಾ.”

ಅಬ್ದುಲ್ಲಚ್ಚ ಚಾದ ಪಾತ್ರೆ ಕೆಳಗಿಟ್ಟ.

“ಅದು ನಾನು! ಆಮೇಲೆ ಬಂದಿದ್ದೆ ಮಾಷೇ. ನೀವು ಎದ್ದು ಹೋಗಿದ್ದಿರಿ.”

“ಬಡ್ಡಿ ಸೇರಿಸಿದರೆ ಎಷ್ಟಾದೀತು?” ಶೆಟ್ರು ಪೇಪರಿನ ಅಂಚಿನಲ್ಲಿ ಲೆಕ್ಕ ಶುರು ಮಾಡಿಯೇಬಿಟ್ಟರು.

ಮಾಷ್ಟ್ರು ಪ್ರಜ್ವಲನ ಕಡೆ ತಿರುಗಿದರು.

“ಅದು ಸುಮ್ನೆ ಬ್ಯಾಕ್‌ಗ್ರೌಂಡ್ ನಾಯ್ಸ್ ಮಾರಾಯ. ಅಷ್ಟನ್ನು ತೆಗಿ.”